ಸವೆದ ಪಿಕಾಸಿಯನ್ನು ಮುರಿಯಲು ಬಿಡಬೇಡಿ

ಮೈನ್‌ಕ್ರಾಫ್ಟ್ ಎಂಬ ವಿಡಿಯೋ ಗೇಮಿನ ಸರ್ವೈವಲ್ (ಎಲ್ಲವನ್ನೂ ತಾನೇ ಅಗೆದು, ಮಾಡಿಕೊಂಡು ಬದುಕುಳಿಯುವ) ಆಟದಲ್ಲಿ ಹತ್ಯಾರನ್ನು ಮುರಿಯುವವರೆಗೂ ಬಳಸಿ, ಮುರಿದ ಮೇಲೆ ಹೊಸದು ಮಾಡಿಕೊಳ್ಳುವವರೇ ಹೆಚ್ಚು. ನಾನು ಮುರಿಯಲು ಬಿಡುವುದೇ ಇಲ್ಲ. ಗಣಿಯ ಬಾಯಲ್ಲೇ ಒಂದು ಪೆಟ್ಟಿಗೆ ಇಟ್ಟಿದ್ದೇನೆ. ಬಾಳಿಕೆಯ ಪಟ್ಟಿ ಕೆಂಪಾದ ಕಬ್ಬಿಣದ ಪಿಕಾಸಿ, ಕೊಡಲಿ, ಸಲಿಕೆಗಳೆಲ್ಲ ಅದರೊಳಕ್ಕೆ ಹೋಗುತ್ತವೆ. ಮುರಿದ ಹತ್ಯಾರಿನಿಂದ ಏನೂ ಉಳಿಯುವುದಿಲ್ಲ. ಇನ್ನೊಂದು ಏಟಿನಷ್ಟಾದರೂ ಜೀವವಿರುವ ಹತ್ಯಾರು ಮಾತ್ರ ರಿಪೇರಿಗೆ ಒದಗುತ್ತದೆ.

ಮೊದಲು ಕಾವಿನ, ಅಂದರೆ ಹಿಡಿಯ ವಿಚಾರ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಈ ಆಟಕ್ಕೆ ಅಕ್ಷರಶಃ ಹೊಂದುತ್ತದೆ: ಬರಿಗೈಯಲ್ಲಿ ಉರುಳಿಸಿದ ಮೊದಲ ಮರವೇ ಮುಂದಿನ ಮರಗಳನ್ನು ಕಡಿಯುವ ಕೊಡಲಿಗೆ ಕಾವಾಗುತ್ತದೆ. ಒಂದು ದಿಮ್ಮಿಗೆ 4 ಹಲಗೆ. ಎರಡು ಹಲಗೆಗಳನ್ನು ಒಂದರ ಮೇಲೊಂದು ಇಟ್ಟರೆ 4 ಕೋಲು, ಅಂದರೆ ಎರಡು ಪಿಕಾಸಿಗೆ ಸಾಕಾಗುವಷ್ಟು ಕಾವು. ಇನ್ನು 4 ಹಲಗೆಗೆ ಹತ್ಯಾರು ಮಾಡುವ ಮೇಜು, ಅಂದರೆ ಕ್ರಾಫ್ಟಿಂಗ್ ಟೇಬಲ್ ಸಿದ್ಧ. ಹೀಗೆ ಕಾವು ಅಗ್ಗ, ತಲೆಯ ಭಾಗವೇ ದುಬಾರಿ. ಲೆಕ್ಕವೆಲ್ಲ ತಲೆಯದ್ದೇ.

ಟೇಬಲ್ಲಿನ ಮೂರು ಸಾಲು, ಮೂರು ಕಂಬದ ಚೌಕದಲ್ಲಿ ಪಿಕಾಸಿಗೆ ಮೇಲಿನ ಸಾಲಿನಲ್ಲಿ ತಲೆಯ ವಸ್ತು (ಹಲಗೆ, ಕಲ್ಲು, ಕಬ್ಬಿಣದ ಗಟ್ಟಿ ಅಥವಾ ವಜ್ರ) ಮೂರು, ನಡುಗಂಬದಲ್ಲಿ ಕೆಳಗೆ ಎರಡು ಕೋಲು. ಕೊಡಲಿಗೂ ಮೂರೇ: ಮೇಲಿನ ಸಾಲಿನ ಮೂಲೆಯಲ್ಲೊಂದು, ಅದರ ಪಕ್ಕದಲ್ಲಿ ಕಾವಿನ ನೆತ್ತಿಗೊಂದು, ಮೂಲೆಯ ಕೆಳಗೊಂದು. ಸಲಿಕೆಗೆ ಒಂದು ಸಾಕು, ಗುದ್ದಲಿಗೆ ಎರಡು. ಮರದಲ್ಲಿ ನಾನು ಮಾಡಿಕೊಳ್ಳುವುದು ಒಂದೇ ಒಂದು ಪಿಕಾಸಿ. ಅದರಿಂದ ಕಲ್ಲು ಕಿತ್ತ ಕೂಡಲೇ ಕಲ್ಲಿನದಕ್ಕೆ ಹಾರುತ್ತೇನೆ, ಏಕೆಂದರೆ ಕಬ್ಬಿಣದ ಅದಿರನ್ನು ಮರದ ಪಿಕಾಸಿಯಿಂದ ಒಡೆದರೆ ಅದಿರು ಕೈಗೆ ಸಿಗುವುದಿಲ್ಲ. ಮರದ್ದು 59 ಬಾರಿ ಬಾಳುತ್ತದೆ, ಕಲ್ಲಿನದು 131, ಕಬ್ಬಿಣದ್ದು 250, ವಜ್ರದ್ದು 1561. ಚಿನ್ನದ್ದು ವೇಗವಾಗಿ ಅಗೆದರೂ 32ಕ್ಕೇ ಮುಗಿಯುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ.

ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಎಫ್‌3 ಒತ್ತಿ ಹಿಡಿದು ಎಚ್ ಒತ್ತಿ. ಸವೆದ ಹತ್ಯಾರಿನ ಮೇಲೆ ಮೌಸ್ ಇಟ್ಟರೆ ಎಷ್ಟು ಉಳಿದಿದೆ ಎಂಬ ಅಂಕಿ ಕಾಣುತ್ತದೆ. ಇದಿಲ್ಲದೆ ಮುಂದಿನ ಲೆಕ್ಕ ಸಾಧ್ಯವಿಲ್ಲ, ಹಸಿರು ಕೆಂಪು ಪಟ್ಟಿ ನೋಡಿ ಅಂದಾಜು ಮಾಡಬೇಡಿ.

ಒಂದೇ ಜಾತಿಯ, ಒಂದೇ ವಸ್ತುವಿನ ಎರಡು ಸವೆದ ಹತ್ಯಾರುಗಳನ್ನು ಕ್ರಾಫ್ಟಿಂಗ್ ಚೌಕದಲ್ಲಿ ಇಟ್ಟರೆ ಅವು ಸೇರಿ ಒಂದಾಗುತ್ತವೆ. ಟೇಬಲ್ ಕೂಡ ಬೇಡ, ನಿಮ್ಮ ಚೀಲದ ಪುಟ್ಟ ಚೌಕವೇ ಸಾಕು. ಎರಡರಲ್ಲಿ ಉಳಿದದ್ದು ಕೂಡುತ್ತದೆ, ಮೇಲೆ ಪೂರ್ಣ ಬಾಳಿಕೆಯ ಶೇಕಡ 5ರಷ್ಟು ಉಚಿತವಾಗಿ ಸೇರುತ್ತದೆ. ಕಬ್ಬಿಣಕ್ಕೆ ಅದು 12. ಈ 12 ಪ್ರತಿ ಜೋಡಣೆಗೂ ಸಿಗುತ್ತದೆ ಎಂಬುದೇ ಇಲ್ಲಿನ ಸ್ವಾರಸ್ಯ. ತಲಾ 20 ಉಳಿದ ಮೂರು ಪಿಕಾಸಿಗಳಿವೆ ಎನ್ನಿ. ಮೊದಲೆರಡು ಸೇರಿದರೆ 52, ಅದಕ್ಕೆ ಮೂರನೆಯದು ಸೇರಿದರೆ 84. ಒಟ್ಟು 60 ಇದ್ದದ್ದು 84 ಆಯಿತು, ಹೊಸ ಕಬ್ಬಿಣ ಒಂದು ತುಣುಕೂ ಖರ್ಚಾಗಲಿಲ್ಲ. ಅದೇ 150 ಮತ್ತು 140 ಉಳಿದವನ್ನು ಸೇರಿಸಿದರೆ 250ರ ಮಿತಿ ಅಡ್ಡಬಂದು, ಉಚಿತದ 12 ಸೇರಿ 52 ಮಣ್ಣುಪಾಲು. ಆದ್ದರಿಂದ ಎರಡರ ಮೊತ್ತ 238 ದಾಟದಿದ್ದರೆ ಮಾತ್ರ ಜೋಡಿಸಿ. ಕಲ್ಲಿನ ಹತ್ಯಾರಿಗೆ ಈ ಶ್ರಮ ಬೇಡ. ಅಲ್ಲಿ ಸಿಗುವುದು ಆರೇ, ಕಲ್ಲು ಕಾಲಡಿಯಲ್ಲೇ ಬಿದ್ದಿರುತ್ತದೆ.

ಬಾಳಿಕೆ ಸುಮ್ಮನೆ ಸೋರುವ ಜಾಗವೂ ಇದೆ. ಪಿಕಾಸಿಯಿಂದ ಬ್ಲಾಕ್ ಒಡೆದರೆ 1 ಕಳೆಯುತ್ತದೆ, ಅದರಿಂದಲೇ ರಾಕ್ಷಸನನ್ನು ಹೊಡೆದರೆ 2. ಹೊಡೆಯಲು ಕತ್ತಿ ಪರದೆಯ ಕೆಳಗಿನ ಸಾಲಿನಲ್ಲಿ ಪಿಕಾಸಿಯ ಪಕ್ಕದ ಮನೆಯಲ್ಲೇ ಇರಲಿ. ಪಿಕಾಸಿಯಿಂದ ಮಣ್ಣು ಅಗೆಯುವುದೂ ವ್ಯರ್ಥ: ವೇಗ ಬರಿಗೈಯಷ್ಟೇ, ಸವೆತ ಮಾತ್ರ ಖಚಿತ.

ಎನ್‌ಚಾಂಟ್‌ಮೆಂಟ್ (ಮಾಂತ್ರಿಕ ಗುಣ) ಇರುವ ಹತ್ಯಾರನ್ನು ಮಾತ್ರ ಕ್ರಾಫ್ಟಿಂಗ್ ಚೌಕದಲ್ಲಾಗಲಿ ಸಾಣೆಕಲ್ಲಿನಲ್ಲಾಗಲಿ ಜೋಡಿಸಲೇಬೇಡಿ, ಕಷ್ಟಪಟ್ಟು ಪಡೆದ ಗುಣಗಳು ಅಳಿಸಿಹೋಗುತ್ತವೆ. ಅದಕ್ಕೆ ಅಡಿಗಲ್ಲೇ (ಕಮ್ಮಾರನ ಆನ್ವಿಲ್) ಬೇಕು. 31 ಕಬ್ಬಿಣದ ಗಟ್ಟಿ ನುಂಗುವ ಸಾಧನವದು, ಬಳಸಿದಾಗಲೆಲ್ಲ ಶೇಕಡ 12ರಷ್ಟು ಸಂಭವದಲ್ಲಿ ತಾನೂ ಬಿರುಕುಬಿಡುತ್ತದೆ. ಅಲ್ಲಿ ಒಂದು ವಜ್ರ ಹಾಕಿದರೆ ವಜ್ರದ ಹತ್ಯಾರಿನ ಕಾಲುಭಾಗ, ಅಂದರೆ 390, ಮರಳುತ್ತದೆ. ಸಲಿಕೆಗೆ ಹೀಗೆ ಮಾಡುವುದು ಶುದ್ಧ ನಷ್ಟ. ಹೊಸ ಸಲಿಕೆಗೆ ತಗಲುವುದೇ ಒಂದು ವಜ್ರ. ಆ ಹೊಸದನ್ನು ಬಲಗಡೆಯ ಮನೆಯಲ್ಲೂ ಹಳೆಯ ಗುಣವಂತ ಸಲಿಕೆಯನ್ನು ಎಡಗಡೆಯಲ್ಲೂ ಇಟ್ಟರೆ ಅದೇ ಒಂದು ವಜ್ರಕ್ಕೆ ಪೂರ್ಣ ರಿಪೇರಿ. ಪಿಕಾಸಿಗೆ ಮೂರು ವಜ್ರ ಬೇಕಾದ್ದರಿಂದ, ಸ್ವಲ್ಪ ಸವೆದಿದ್ದರೆ ಬಿಡಿ ವಜ್ರ, ಪೂರ್ತಿ ಸವೆದಿದ್ದರೆ ಹೊಸ ಪಿಕಾಸಿ.

ಅಡಿಗಲ್ಲಿಗೆ ಪದೇ ಪದೇ ಹೋಗಬೇಡಿ. ಅಲ್ಲಿನ ಬೆಲೆಯನ್ನು ಆಟದಲ್ಲಿ ಗಳಿಸಿದ ಅನುಭವದ ಹಂತಗಳಲ್ಲಿ ತೆರಬೇಕು, ಪ್ರತಿ ಬಾರಿಯೂ ಮುಂದಿನ ಕೆಲಸದ ಬೆಲೆಗೆ ದಂಡ ಸೇರುತ್ತದೆ: 1, 3, 7, 15, 31 ಹಂತಗಳು. ಬೆಲೆ 40 ಮುಟ್ಟಿದರೆ ಅದು ರಿಪೇರಿಗೆ ಒಪ್ಪುವುದೇ ಇಲ್ಲ. ಎರಡು ವಜ್ರ ಹಾಕುವುದಿದ್ದರೆ ಒಂದೇ ಸಲಕ್ಕೆ ಹಾಕಿ, ದಂಡ ಒಂದೇ ಬಾರಿ ಬೀಳುತ್ತದೆ.

ಕೊನೆಗೆ ಮೆಂಡಿಂಗ್, ಅಂದರೆ ಅನುಭವಾಂಕದಿಂದ ಹತ್ಯಾರನ್ನು ತಾನಾಗಿ ರಿಪೇರಿ ಮಾಡುವ ಮಾಂತ್ರಿಕ ಗುಣ. ಎನ್‌ಚಾಂಟಿಂಗ್ ಟೇಬಲ್ಲಿನಲ್ಲಿ ಇದು ಬರುವುದಿಲ್ಲ. ಹಳ್ಳಿಯ ಗ್ರಂಥಪಾಲಕನಿಂದ ಕೊಳ್ಳಬೇಕು, ಇಲ್ಲವೇ ಗಾಳದಲ್ಲೋ ನಿಧಿಪೆಟ್ಟಿಗೆಯಲ್ಲೋ ಸಿಗಬೇಕು. ಒಂದು ಅನುಭವಾಂಕಕ್ಕೆ 2 ಬಾಳಿಕೆ ತುಂಬುತ್ತದೆ, ದಂಡವಿಲ್ಲ. ನಾನು ಕುಲುಮೆಯಲ್ಲಿ ಕಬ್ಬಿಣ ಕರಗಿಸಿ ರಾಶಿ ಬೀಳಲು ಬಿಡುತ್ತೇನೆ. ಪಿಕಾಸಿಯನ್ನು ಕೈಯಲ್ಲಿ ಹಿಡಿದೇ ಆ ಗಟ್ಟಿಗಳನ್ನು ತೆಗೆದುಕೊಳ್ಳುತ್ತೇನೆ, ಆಗ ಹೊರಬರುವ ಅನುಭವಾಂಕದ ಹಸಿರು ಗುಂಡುಗಳು ನೇರ ಅದಕ್ಕೆ ಸಲ್ಲುತ್ತವೆ. ತೊಟ್ಟ ಕವಚಕ್ಕೂ ಮೆಂಡಿಂಗ್ ಇದ್ದು ಅದೂ ಸವೆದಿದ್ದರೆ ಗುಂಡುಗಳು ಯಾವುದಕ್ಕೆ ಸಲ್ಲುತ್ತವೆ ಎಂಬುದು ಅದೃಷ್ಟದ ಮಾತು. ಪಿಕಾಸಿಗೇ ಬೇಕಿದ್ದರೆ ಕವಚವನ್ನು ಕಳಚಿಟ್ಟು ಕುಲುಮೆಯ ಮುಂದೆ ನಿಲ್ಲಿ.