ಬ್ರಿಟನ್ನಿನ ಕನಿಷ್ಠ ವೇತನ: ದರದ ಜೊತೆಗೆ ಗಂಟೆಗಳನ್ನೂ ಲೆಕ್ಕ ಹಾಕಿ

ಓದಲೆಂದೋ, ಪತಿ ಅಥವಾ ಪತ್ನಿಯ ವೀಸಾದ ಮೇಲೋ, ಕೇರ್ ವರ್ಕರ್ ಆಗಿಯೋ ಬ್ರಿಟನ್ನಿಗೆ ಬಂದ ಅನೇಕ ಕನ್ನಡಿಗರ ಮೊದಲ ಸಂಬಳ ಇಲ್ಲಿನ ಕನಿಷ್ಠ ವೇತನದ ಆಸುಪಾಸಿನಲ್ಲೇ ಇರುತ್ತದೆ. ಕರ್ನಾಟಕದಲ್ಲಿ ಕನಿಷ್ಠ ವೇತನವನ್ನು ಉದ್ಯೋಗದ ಬಗೆ, ಕೌಶಲ ಮತ್ತು ವಲಯಗಳಿಗೆ ತಕ್ಕಂತೆ ಬೇರೆ ಬೇರೆಯಾಗಿ ನಿಗದಿ ಮಾಡಿ, ಅದಕ್ಕೆ ತುಟ್ಟಿಭತ್ಯೆ ಸೇರಿಸುವ ಪದ್ಧತಿಯಿದೆ. ಇಲ್ಲಿ ದರವು ಗಂಟೆಯ ಲೆಕ್ಕದಲ್ಲಿರುತ್ತದೆ, ಮತ್ತು ಅದು ಮುಖ್ಯವಾಗಿ ವಯಸ್ಸನ್ನು ಅವಲಂಬಿಸಿರುತ್ತದೆ. 2026ರ ಏಪ್ರಿಲ್ 1ರಿಂದ 21 ವರ್ಷ ತುಂಬಿದವರಿಗೆ ಗಂಟೆಗೆ 12.71 ಪೌಂಡ್, 18ರಿಂದ 20 ವರ್ಷದವರಿಗೆ 10.85 ಪೌಂಡ್, ಅದಕ್ಕಿಂತ ಚಿಕ್ಕವರಿಗೂ, 19 ವರ್ಷ ತುಂಬದ ಅಥವಾ ತರಬೇತಿಯ ಮೊದಲ ವರ್ಷದಲ್ಲಿರುವ ಅಪ್ರೆಂಟಿಸ್‌ಗಳಿಗೂ 8 ಪೌಂಡ್ ದರವಿದೆ. ಲಂಡನ್ನಿಗೆಂದು ಕಾನೂನಿನಲ್ಲಿ ಪ್ರತ್ಯೇಕ ದರವಿಲ್ಲ. ಕೆಲವು ಸಂಸ್ಥೆಗಳು ಲಂಡನ್ನಿನಲ್ಲಿ ಕೊಡುವ ಹೆಚ್ಚಿನ 'ರಿಯಲ್ ಲಿವಿಂಗ್ ವೇಜ್' ಅವರು ತಾವಾಗಿಯೇ ಒಪ್ಪಿಕೊಂಡಿರುವಂಥದ್ದು. ವೀಸಾ ಸ್ಪಾನ್ಸರ್‌ಶಿಪ್‌ಗೆ ಬೇಕಾದ ಸಂಬಳದ ಮಿತಿಯೂ ಬೇರೆ, ಅದು ಇದಕ್ಕಿಂತ ಹೆಚ್ಚು.

ಇಡೀ ದೇಶಕ್ಕೆ ಅನ್ವಯಿಸುವ ಈ ವ್ಯವಸ್ಥೆ 1998ರ ಕಾಯಿದೆಯಿಂದ ಹುಟ್ಟಿ, 1999ರ ಏಪ್ರಿಲ್‌ನಲ್ಲಿ ಗಂಟೆಗೆ 3.60 ಪೌಂಡ್ ದರದೊಂದಿಗೆ ಜಾರಿಗೆ ಬಂತು. ಇದರಿಂದ ಲಕ್ಷಾಂತರ ಜನ ಕೆಲಸ ಕಳೆದುಕೊಳ್ಳುತ್ತಾರೆ ಎಂದು ಅಂದಿನ ವಿರೋಧಿಗಳು ಎಚ್ಚರಿಸಿದ್ದರು, ಹಾಗಾಗಲಿಲ್ಲ. ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು ಹಾಗೂ ಸ್ವತಂತ್ರ ತಜ್ಞರು ಒಟ್ಟಿಗೆ ಕುಳಿತು ಅಂಕಿಅಂಶಗಳನ್ನು ಪರಿಶೀಲಿಸುವ ಲೋ ಪೇ ಕಮಿಷನ್ ಪ್ರತಿವರ್ಷ ದರವನ್ನು ಶಿಫಾರಸು ಮಾಡುತ್ತದೆ. ಏರಿಕೆ ಒಮ್ಮೆಲೇ ಆಗದೆ, ಉದ್ಯೋಗದ ಮೇಲಿನ ಪರಿಣಾಮವನ್ನು ಗಮನಿಸುತ್ತಲೇ ಆದದ್ದು ಈ ವ್ಯವಸ್ಥೆ ಉಳಿದುಕೊಳ್ಳಲು ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ.

ಕೂಲಿ ಹೆಚ್ಚಿದರೆ ಕೆಲಸ ಕಡಿಮೆಯಾಗಲೇಬೇಕೆಂಬ ವಾದವನ್ನು ಮೊದಲು ಗಟ್ಟಿಯಾಗಿ ಅಲುಗಾಡಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್. 1992ರಲ್ಲಿ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿದಾಗ, ದರ ಬದಲಾಗದ ಪಕ್ಕದ ಪೆನ್ಸಿಲ್ವೇನಿಯಾದ ಫಾಸ್ಟ್‌ಫುಡ್ ಅಂಗಡಿಗಳ ಜೊತೆ ಹೋಲಿಸಿ ನೋಡಿದ ಅವರಿಗೆ ಉದ್ಯೋಗ ಕುಸಿದದ್ದು ಕಾಣಲಿಲ್ಲ. ಈ ಫಲಿತಾಂಶವನ್ನು ಒಪ್ಪದ ಅರ್ಥಶಾಸ್ತ್ರಜ್ಞರು ಇಂದಿಗೂ ಇದ್ದಾರೆ. ಆದರೂ ಅದಕ್ಕೆ ಕೊಡುವ ವಿವರಣೆಯಲ್ಲಿ ನಮಗೆ ನೇರವಾಗಿ ಸಂಬಂಧಿಸಿದ ಅಂಶವೊಂದಿದೆ: ಕೆಲಸ ಬಿಟ್ಟು ಬೇರೆ ಕಡೆ ಸೇರುವುದು ಕಷ್ಟವಾದಾಗ ಮಾಲೀಕನು ನ್ಯಾಯವಾಗಿ ಸಲ್ಲಬೇಕಾದದ್ದಕ್ಕಿಂತ ಕಡಿಮೆ ಕೂಲಿ ಕೊಟ್ಟೂ ಜನರನ್ನು ಇಟ್ಟುಕೊಳ್ಳಬಲ್ಲ, ಅಂಥ ಕಡೆ ಕಾನೂನು ಕೂಲಿಯನ್ನು ಏರಿಸಿದರೂ ಕೆಲಸಗಳು ಉಳಿಯುತ್ತವೆ. ಸ್ಪಾನ್ಸರ್ ಮಾಡಿದ ಸಂಸ್ಥೆಯನ್ನು ಬಿಟ್ಟರೆ ವೀಸಾವೇ ಹೋದೀತೆಂಬ ಭಯದಲ್ಲಿರುವ ಕೇರ್ ವರ್ಕರ್‌ನ ಸ್ಥಿತಿಯೂ ಇದೇ.

ಹಾಗೆಂದು ಪರಿಣಾಮವೇ ಇಲ್ಲವೆಂದಲ್ಲ. ಹೆಚ್ಚಿದ ವೆಚ್ಚ ಕೆಲವೆಡೆ ಬೆಲೆಗೆ ಸೇರುತ್ತದೆ, ಕೆಲವೆಡೆ ಲಾಭವನ್ನು ಕಡಿಮೆ ಮಾಡುತ್ತದೆ. ವೃದ್ಧರ ಆರೈಕೆಯ ಬೆಲೆಯನ್ನು ಬಹುಮಟ್ಟಿಗೆ ಸ್ಥಳೀಯ ಆಡಳಿತಗಳ ಬಜೆಟ್ಟೇ ತೀರ್ಮಾನಿಸುವುದರಿಂದ ಅಲ್ಲಿ ಬೆಲೆ ಏರಿಸಲು ದಾರಿ ಕಡಿಮೆ. ಹೊರೆ ಕೆಲಸಗಾರರ ಗಂಟೆಗಳ ಮೇಲೆ ಬೀಳುತ್ತದೆ. ರೋಟಾದಲ್ಲಿ, ಅಂದರೆ ಪಾಳಿಗಳ ಪಟ್ಟಿಯಲ್ಲಿ, ಶಿಫ್ಟ್‌ಗಳು ಚಿಕ್ಕದಾಗುತ್ತವೆ, ಬಿಡುವಿನ ಸಮಯಕ್ಕೆ ಸಂಬಳ ನಿಲ್ಲುತ್ತದೆ, ಇಷ್ಟು ಗಂಟೆ ಕೆಲಸವೆಂಬ ಖಾತರಿಯಿಲ್ಲದ ಜೀರೋ ಅವರ್ಸ್ ಒಪ್ಪಂದದಲ್ಲಿ ವಾರದ ಕೆಲಸವೇ ಕರಗುತ್ತದೆ. 2025ರ ಏಪ್ರಿಲ್‌ನಲ್ಲಿ ಸಂಬಳದ ಮೇಲೆ ಮಾಲೀಕರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ಎಂಬ ವಂತಿಗೆ ಶೇ 13.8ರಿಂದ ಶೇ 15ಕ್ಕೆ ಏರಿದ್ದರಿಂದ, ಆಮೇಲೆ ಕಂಡ ಕಡಿತಗಳನ್ನೆಲ್ಲ ಕನಿಷ್ಠ ವೇತನದ ತಲೆಗೇ ಕಟ್ಟುವುದೂ ಸರಿಯಲ್ಲ.

ಆದ್ದರಿಂದಲೇ ದರ ಗೊತ್ತಿದ್ದರೆ ಸಾಲದು, ಗಂಟೆಗಳ ಲೆಕ್ಕವೂ ನಿಮ್ಮ ಕೈಯಲ್ಲಿರಬೇಕು. ಮನೆಮನೆಗೆ ಹೋಗಿ ಆರೈಕೆ ಮಾಡುವ ಒಬ್ಬರಿಗೆ ಗಂಟೆಗೆ 13.50 ಪೌಂಡ್ ಎಂದು ಒಪ್ಪಂದವಾಗಿದೆ, ಆದರೆ ಮನೆಯೊಳಗೆ ಕಳೆದ ಸಮಯಕ್ಕೆ ಮಾತ್ರ ಸಂಬಳ ಎಂದಿಟ್ಟುಕೊಳ್ಳಿ. ದಿನಕ್ಕೆ ಆರು ಗಂಟೆಯ ಭೇಟಿಗಳಿಗೆ 81 ಪೌಂಡ್ ಬರುತ್ತದೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಬಸ್ಸಿನಲ್ಲಿ ಓಡಾಡಿದ ಒಂದೂವರೆ ಗಂಟೆಯೂ ಕಾನೂನಿನ ಪ್ರಕಾರ ಕೆಲಸದ ಸಮಯವೇ ಆದ್ದರಿಂದ, 81 ಪೌಂಡನ್ನು ಏಳೂವರೆ ಗಂಟೆಗೆ ಹಂಚಿದಾಗ ಸಿಗುವುದು ಗಂಟೆಗೆ 10.80 ಪೌಂಡ್ ಮಾತ್ರ. ತಿಂಗಳಿಡೀ ಹೀಗೇ ನಡೆದರೆ ದಿನಕ್ಕೆ 14 ಪೌಂಡಿಗೂ ಹೆಚ್ಚು ಬಾಕಿ ಉಳಿಯುತ್ತದೆ. ಸ್ವಂತ ಮನೆಯಿಂದ ಮೊದಲ ಭೇಟಿಗೆ ಹೋಗುವ ಸಮಯ ಮಾತ್ರ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರುವುದಿಲ್ಲ.

ಇದೇ ಬಗೆಯ ಸೋರಿಕೆ ಬೇರೆಡೆಯೂ ಇದೆ. ಅಂಗಡಿ ಮುಚ್ಚಿದ ಮೇಲೆ ಸ್ವಚ್ಛ ಮಾಡುವುದು, ಗೋದಾಮಿನಿಂದ ಹೊರಬರುವಾಗ ಬ್ಯಾಗು ತಪಾಸಣೆಗೆ ಸಾಲಿನಲ್ಲಿ ನಿಲ್ಲುವುದು ಕೆಲಸದ ಸಮಯವೇ. ಮಾಲೀಕರು ಹೇಳಿದಂತೆ ಯೂನಿಫಾರ್ಮ್ ಕೊಳ್ಳಲು ಕೊಟ್ಟ ಹಣವನ್ನು ಕಳೆದ ಮೇಲೂ ಸಂಬಳ ಕನಿಷ್ಠ ದರಕ್ಕಿಂತ ಕೆಳಗೆ ಇಳಿಯಬಾರದು. ಗಿರಾಕಿಗಳು ಕೊಟ್ಟ ಟಿಪ್ಸ್ ಅನ್ನು 2009ರಿಂದ ಕನಿಷ್ಠ ವೇತನದ ಭಾಗವಾಗಿ ತೋರಿಸುವಂತಿಲ್ಲ. ಮಾಲೀಕರ ಮನೆಯಲ್ಲೇ ಉಳಿದು ಮನೆಗೆಲಸ ಮಾಡುವವರನ್ನು 'ಮನೆಯವರಂತೆ' ಎಂದು ಹೇಳಿ ಕಾನೂನಿನಿಂದ ಹೊರಗಿಡಲು ಇದ್ದ ವಿನಾಯಿತಿ 2024ರ ಏಪ್ರಿಲ್‌ನಲ್ಲಿ ರದ್ದಾಯಿತು. ನಮ್ಮವರ ಮನೆಗಳಲ್ಲೇ ದುಡಿಯುವ ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. ನಿದ್ರಿಸಲು ಅವಕಾಶವಿರುವ ರಾತ್ರಿ ಶಿಫ್ಟ್‌ಗಳಲ್ಲಿ ಮಾತ್ರ, 2021ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಎದ್ದು ಕೆಲಸ ಮಾಡಿದ ಸಮಯವಷ್ಟೇ ಲೆಕ್ಕಕ್ಕೆ ಬರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಪದವಿ ಅಥವಾ ಸ್ನಾತಕೋತ್ತರ ಓದಿನ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆಯ ಮಿತಿಯಿದೆ. ಅದನ್ನು ಮೀರಿಸಿ, ಹೆಚ್ಚಿನ ಗಂಟೆಗಳಿಗೆ ಕಡಿಮೆ ದರದಲ್ಲಿ ನಗದು ಕೊಡುತ್ತೇನೆಂದು ಹೇಳುವವರನ್ನು ನಂಬಬೇಡಿ. ಮೋಸವಾದರೆ ದೂರು ಕೊಡುವ ಧೈರ್ಯವೂ ನಿಮಗೆ ಉಳಿಯುವುದಿಲ್ಲ.

ದರ ಕಡಿಮೆ ಬಿದ್ದಿದೆ ಎನಿಸಿದರೆ ಮೊದಲು ಪೇಸ್ಲಿಪ್ ನೋಡಿ. ಗಂಟೆಗಳಿಗೆ ತಕ್ಕಂತೆ ಸಂಬಳ ಬದಲಾಗುವವರ ಪೇಸ್ಲಿಪ್‌ನಲ್ಲಿ ಗಂಟೆಗಳನ್ನು ತೋರಿಸುವುದು 2019ರಿಂದ ಕಡ್ಡಾಯವಾಗಿದೆ. ಉದ್ಯೋಗದ ಹಕ್ಕು ಮತ್ತು ವಿವಾದಗಳನ್ನು ನೋಡಿಕೊಳ್ಳುವ ಏಕಾಸ್ ಸಂಸ್ಥೆಯ ಸಹಾಯವಾಣಿ ಉಚಿತವಾಗಿ ಸಲಹೆ ಕೊಡುತ್ತದೆ. ಸರ್ಕಾರದ ಜಾರಿ ಸಂಸ್ಥೆ (ಹಿಂದೆ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯದ್ದಾಗಿದ್ದ ಈ ಹೊಣೆ 2026ರ ಏಪ್ರಿಲ್‌ನಿಂದ ಫೇರ್ ವರ್ಕ್ ಏಜೆನ್ಸಿಯದ್ದು) ದೂರನ್ನು ತನಿಖೆ ಮಾಡಿ, ಬಾಕಿ ಕೊಡಿಸುವುದಲ್ಲದೆ, ಬಾಕಿಯ ಶೇ 200ರವರೆಗೆ ದಂಡವನ್ನೂ ಹಾಕಬಲ್ಲದು. ನಿಮ್ಮ ಪರವಾಗಿ ಗೆಳೆಯರೂ ದೂರು ಕೊಡಬಹುದು. ಕನಿಷ್ಠ ವೇತನ ಕೇಳಿದ ಕಾರಣಕ್ಕೆ ಉದ್ಯೋಗಿಯನ್ನು ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಉದ್ಯೋಗ ನ್ಯಾಯಮಂಡಳಿಗೆ ಹೋಗುವ ಅವಧಿ ಕೆಲವೇ ತಿಂಗಳುಗಳಾದ್ದರಿಂದ ತಡಮಾಡಬಾರದು. ಜಾರಿ ಸಂಸ್ಥೆ ಮಾತ್ರ ಆರು ವರ್ಷ ಹಿಂದಿನವರೆಗಿನ ಬಾಕಿಯನ್ನು ಕೆದಕಬಲ್ಲದು. ಹಳೆಯ ರೋಟಾಗಳು, ಭೇಟಿಗಳ ವೇಳಾಪಟ್ಟಿ, ಮ್ಯಾನೇಜರ್ ಕಳಿಸಿದ ವಾಟ್ಸಾಪ್ ಸಂದೇಶಗಳೆಲ್ಲ ಆಗ ಸಾಕ್ಷಿಯಾಗುತ್ತವೆ. ಕೆಲಸ ಬಿಟ್ಟ ದಿನ ಆಫೀಸಿನ ಆಪ್ ಮುಚ್ಚಿಹೋಗುವ ಮೊದಲೇ ಅವುಗಳ ಪ್ರತಿಯನ್ನು ನಿಮ್ಮ ಸ್ವಂತ ಫೋನಿನಲ್ಲಿ ಉಳಿಸಿಕೊಳ್ಳಿ.