ಗೇಮ್ ಮೇಲೆ ಕಾಪಿರೈಟ್ ನೋಟಿಸ್ ಬಂದರೆ ಏನು ಮಾಡಬೇಕು?

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕುಳಿತು ಮಾಡಿದ ಗೇಮ್ ಆದರೂ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಸ್ಟೋರ್‌ನಲ್ಲಿ ಮಾರಾಟಕ್ಕಿಟ್ಟ ಮೇಲೆ ಅಮೆರಿಕದ 1998ರ ಡಿಎಂಸಿಎ (ಡಿಜಿಟಲ್ ಕಾಪಿರೈಟ್) ಕಾಯ್ದೆಯ ನೋಟಿಸ್ ಬರಬಹುದು. ದೂರು ಕ್ರಮಬದ್ಧವಾಗಿದ್ದರೆ ಸ್ಟೋರ್ ಸಾಮಾನ್ಯವಾಗಿ ಮೊದಲು ಗೇಮ್ ಇಳಿಸುತ್ತದೆ. ವಿಚಾರಣೆ ಆಮೇಲಿನ ಮಾತು. ಮಾರಾಟ ಅಲ್ಲಿಗೆ ನಿಂತಿತು.

ಬಂದದ್ದು ಏನೆಂದು ಮೊದಲು ನೋಡಿ. ಯೂಟ್ಯೂಬ್ ಟ್ರೇಲರ್ ಮೇಲಿನ ಕಂಟೆಂಟ್ ಐಡಿ (ಹಾಡು, ದೃಶ್ಯಗಳನ್ನು ತಾನಾಗಿ ಹೋಲಿಸಿ ನೋಡುವ ವ್ಯವಸ್ಥೆ) ಕ್ಲೇಮ್ ಕಾನೂನಿನ ನೋಟಿಸ್ ಅಲ್ಲ. ಅಲ್ಲೇ ಡಿಸ್ಪ್ಯೂಟ್ ಹಾಕಿ. ಎದುರಿನವರು 30 ದಿನದೊಳಗೆ ಉತ್ತರಿಸಬೇಕು. ಸ್ಟ್ರೈಕ್ (ಕಾಪಿರೈಟ್ ದೂರಿನಿಂದ ವಿಡಿಯೋ ತೆಗೆದಾಗ ಚಾನೆಲ್ಲಿಗೆ ಬೀಳುವ ಎಚ್ಚರಿಕೆ) ಮಾತ್ರ ಗಂಭೀರ: 90 ದಿನದಲ್ಲಿ ಮೂರಾದರೆ ಚಾನೆಲ್ಲೇ ಹೋಗಬಹುದು.

ಆಮೇಲೆ, ದೂರು ನಿಜವೇ? ಯಕ್ಷಗಾನದ ತಾಳ, ಮಟ್ಟು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಹಳೇ ಕ್ಯಾಸೆಟ್ಟಿನಿಂದ ಕತ್ತರಿಸಿದ ಚೆಂಡೆಯ ಸದ್ದಿಗೆ ನಮ್ಮ ಕಾಯ್ದೆಯಲ್ಲಿ ಪ್ರಕಟಣೆಯ ನಂತರ 60 ವರ್ಷ ಹಕ್ಕಿದೆ. ದುಡ್ಡು ಕೊಟ್ಟು ಕೊಂಡ ಆಸೆಟ್ಟನ್ನು (ಗೇಮಿಗೆ ಬಳಸುವ ಸಿದ್ಧ ಚಿತ್ರ, ಸದ್ದು) ಮಾರಿದವನೇ ಕದ್ದಿದ್ದರೆ ರಸೀದಿ ನಿಮ್ಮನ್ನು ಉಳಿಸದು. ಇಂಥಲ್ಲಿ ವಾದ ಬೇಡ: ಆ ಫೈಲ್ ತೆಗೆದು ಹೊಸ ಬಿಲ್ಡ್ (ಗೇಮಿನ ಹೊಸ ಆವೃತ್ತಿ) ಕೊಡಿ. ಹಳೆಯದನ್ನೇ ಬೇರೆ ಹೆಸರಲ್ಲಿ ಏರಿಸಿದರೆ ಖಾತೆಗೇ ಸಂಚಕಾರ.

ನಿಮ್ಮದೇ ಎಂದಾದರೆ ಪುರಾವೆ ಜೋಡಿಸಿ: ಗಿಟ್ ಕಮಿಟ್‌ಗಳ (ಕೋಡ್ ಬದಲಾವಣೆಯ ದಾಖಲೆಗಳ) ದಿನಾಂಕ, ಲೇಯರ್ ಸಹಿತದ ಮೂಲ ಚಿತ್ರ, ಎಡಿಟ್ ಆಗದ ರೆಕಾರ್ಡಿಂಗ್, ಕೊಂಡ ದಿನದ ಲೈಸೆನ್ಸ್ ಪ್ರತಿ. ಒಂದು ಪ್ರತಿ ಪೆನ್‌ಡ್ರೈವಿನಲ್ಲೂ ಇರಲಿ. ಆಷಾಢದ ಹೊಸನಗರದಲ್ಲಿ ಕರೆಂಟು, ನೆಟ್ಟು ನಂಬಿ ಕೂರುವಂತಿಲ್ಲ. ಚಿತ್ರ ಬರೆದುಕೊಟ್ಟ ಗೆಳೆಯ ವಾಟ್ಸಾಪಿನಲ್ಲಿ 'ಹೂಂ, ಬಳಸ್ಕೋ' ಅಂದರೆ ಹಕ್ಕು ನಿಮ್ಮದಾಗದು. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 19ರಂತೆ ಹಕ್ಕಿನ ವರ್ಗಾವಣೆ ಸಹಿ ಇರುವ ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ! ಹೊರದೇಶಕ್ಕೆ ಮಾರುವವರು ಮುಗ್ಗರಿಸುವುದು ಇಲ್ಲೇ.

ಪುರಾವೆ ಕೈಗೆ ಬಂದಮೇಲೆ ದೂರುದಾರರಿಗೆ ನೇರ ಮೇಲ್ ಬರೆಯಿರಿ. ದೂರಿನ ಸಂಖ್ಯೆ, ಗೇಮ್ ಲಿಂಕ್, ಪುರಾವೆ, 'ದೂರು ಹಿಂಪಡೆಯಿರಿ' ಎಂಬ ಒಂದು ಸಾಲು, ಇಷ್ಟೇ. ಬೈಗುಳ ಬೇಡ. ಅವರು ಒಪ್ಪಿದರೆ ಇದಕ್ಕಿಂತ ಬೇಗದ ದಾರಿಯಿಲ್ಲ.

ಒಪ್ಪದಿದ್ದರೆ ಸ್ಟೋರ್‌ಗೆ ಕೌಂಟರ್ ನೋಟಿಸ್, ಅಂದರೆ ದೂರಿಗೆ ನಿಮ್ಮ ಲಿಖಿತ ಪ್ರತ್ಯುತ್ತರ, ಕಳಿಸಿ. ಅದರಲ್ಲಿ ಹೆಸರು, ವಿಳಾಸ, ಫೋನ್, ತೆಗೆದುಹಾಕಿದ್ದರ ಲಿಂಕ್, ಸಹಿ, ತಪ್ಪಿನಿಂದ ತೆಗೆಯಲಾಗಿದೆ ಎಂಬ ಪ್ರಮಾಣ ಮತ್ತು ಅಮೆರಿಕದ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಒಪ್ಪಿಗೆ ಇರಬೇಕು. ಸುಳ್ಳು ಪ್ರಮಾಣ ಅಪರಾಧ. ನಿಮ್ಮ ವಿಳಾಸ ದೂರುದಾರರ ಕೈಗೂ ಹೋಗುತ್ತದೆ, ನೆನಪಿರಲಿ. ಅವರು ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಗೇಮ್ ಮರಳಬೇಕು. ಶನಿವಾರ, ಭಾನುವಾರ ಎಣಿಕೆಗಿಲ್ಲ. ದೊಡ್ಡ ಸೇಲ್ ಎದುರಿಗಿದ್ದು ಜಗಳ ಒಂದು ಹಾಡಿನದ್ದಷ್ಟೇ ಆಗಿದ್ದರೆ, ನ್ಯಾಯ ನಿಮ್ಮ ಕಡೆಗಿದ್ದರೂ ಹಾಡು ಬದಲಿಸುವುದೇ ಅಗ್ಗ.