ಪೋಸ್ಟ್‌ಗ್ರೆಸ್ ಶುರುವಾಗದಿದ್ದಾಗ: ಡಿಸ್ಕ್ ತುಂಬಿಸಿದ ಹಳೆಯ ಸ್ಲಾಟ್

ಬ್ಯಾಡಗಿಯ ಒಂದು ದಲಾಲಿ ಅಂಗಡಿ. ಮೆಣಸಿನಕಾಯಿ ಹಂಗಾಮು, ಬಿಲ್ಲಿಂಗ್ ಬಂದ್. ಪರದೆ ಮೇಲೆ ಅದರ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನ 5432 ಪೋರ್ಟ್‌ಗೆ ‘ಕನೆಕ್ಷನ್ ರೆಫ್ಯೂಸ್ಡ್’ ಅಂತಷ್ಟೇ ಇತ್ತು. ಅದನ್ನು ನೆಟ್‌ವರ್ಕ್ ತೊಂದರೆ ಅಂದುಕೊಂಡು ಕೇಬಲ್ ಕೀಳಬೇಡಿ, ಮೊದಲು ಪೋಸ್ಟ್‌ಗ್ರೆಸ್‌ನ ಲಾಗ್ ಫೈಲಿನ ಕೊನೆಯ ಸಾಲುಗಳನ್ನು ಓದಿ. ಇಲ್ಲಿದ್ದದ್ದು ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ಡಿಸ್ಕ್ ನೂರಕ್ಕೆ ನೂರು ಭರ್ತಿ. ಜಾಗ ತಿಂದದ್ದು ಪಿಜಿ-ವಾಲ್ ಫೋಲ್ಡರ್, ಅಂದರೆ ಡೇಟಾಬೇಸಿನ ಪ್ರತಿ ಬದಲಾವಣೆಯನ್ನು ಮೊದಲು ಬರೆದಿಡುವ ವಾಲ್ ಫೈಲುಗಳ ಜಾಗ, ಒಂದೊಂದು 16 ಎಂಬಿಯ ಸಾವಿರಾರು ಫೈಲು.

ಆ ಫೈಲುಗಳನ್ನು ಕೈಯಾರೆ ಅಳಿಸಲೇಬಾರದು. ಕ್ರ್ಯಾಶ್ ಆದ ಡೇಟಾಬೇಸ್ ತನ್ನನ್ನು ಸರಿಪಡಿಸಿಕೊಳ್ಳುವುದೇ ಅವುಗಳಿಂದ. ಅಳಿಸಿದರೆ ಲೆಕ್ಕವೇ ಕೆಡುತ್ತದೆ. ಅದೇ ಡಿಸ್ಕಿನಲ್ಲಿದ್ದ ಹಳೆಯ ಬ್ಯಾಕಪ್ಪನ್ನು ಹೊರಗಿನ ಡ್ರೈವ್‌ಗೆ ಸಾಗಿಸಿ ಸರ್ವಿಸ್ ಶುರು ಮಾಡಿದೆ. ರಿಕವರಿ ಮುಗಿಸಿ ಸರ್ವರ್ ಎದ್ದಿತು.

ಮೂಲ ಕಾರಣ ಬೇರೆ. ತೆಗೆದುಹಾಕಿದ್ದ ಎರಡನೇ ಸರ್ವರಿನ ರೆಪ್ಲಿಕೇಶನ್ ಸ್ಲಾಟ್ (ನಕಲು ಇಡುವ ಸರ್ವರ್ ಎಲ್ಲಿವರೆಗೆ ಓದಿದೆ ಅನ್ನುವ ಗುರುತು) ಹಾಗೇ ಉಳಿದಿತ್ತು. ಓದುವವರು ಯಾರೂ ಇಲ್ಲದಿದ್ದರೂ ಸ್ಲಾಟ್ ಇರುವವರೆಗೆ ವಾಲ್ ಫೈಲು ಅಳಿಯುವುದಿಲ್ಲ. ಪಿಜಿ-ರೆಪ್ಲಿಕೇಶನ್-ಸ್ಲಾಟ್ಸ್ ಪಟ್ಟಿಯ ‘ಆಕ್ಟಿವ್’ ಕಾಲಂನಲ್ಲಿ ‘ಎಫ್’ (ಫಾಲ್ಸ್, ಅಂದರೆ ಬಳಕೆಯಲ್ಲಿಲ್ಲ) ಕಂಡರೆ, ಆ ಸರ್ವರ್ ಮತ್ತೆ ಬರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಪಿಜಿ-ಡ್ರಾಪ್-ರೆಪ್ಲಿಕೇಶನ್-ಸ್ಲಾಟ್‌ನಿಂದ ತೆಗೆಯಿರಿ. ಆಮೇಲೆ ಒಂದು ಚೆಕ್‌ಪಾಯಿಂಟ್ (ಬಾಕಿ ಬದಲಾವಣೆಗಳನ್ನು ಡಿಸ್ಕಿಗೆ ಬರೆಸುವ ಆಜ್ಞೆ) ಕೊಟ್ಟರೆ ಜಾಗ ಬಿಡುಗಡೆಯಾಗುತ್ತದೆ. ಆಗದಿದ್ದರೆ ವಾಲ್ ಫೈಲುಗಳನ್ನು ಬೇರೆಡೆ ನಕಲಿಸುವ ಆರ್ಕೈವ್-ಕಮಾಂಡ್ ಸೋಲುತ್ತಿದೆಯೇ ನೋಡಿ, ಅದೂ ಫೈಲು ಹಿಡಿದಿಡುತ್ತದೆ.

ಪೋಸ್ಟ್‌ಗ್ರೆಸ್ 13ನೇ ಆವೃತ್ತಿಯಿಂದ, ಸ್ಲಾಟ್‌ಗಳು ಎಷ್ಟು ವಾಲ್ ಹಿಡಿದಿಡಬಹುದು ಅನ್ನುವುದಕ್ಕೆ ಮ್ಯಾಕ್ಸ್-ಸ್ಲಾಟ್-ವಾಲ್-ಕೀಪ್-ಸೈಜ್ ಅಂತ ಮಿತಿ ಇದೆ. ಡೀಫಾಲ್ಟ್ -1, ಅಂದರೆ ಕಡಿವಾಣವೇ ಇಲ್ಲ. ಇಲ್ಲಿ 10 ಜಿಬಿ ಹಾಕಿದೆ. ರೀಲೋಡ್ ಸಾಕು, ರೀಸ್ಟಾರ್ಟ್ ಬೇಡ.